ಎರಡನೇ ಈಡಿನ ಲೆಕ್ಕ: ಮನೆಯ ರಕ್ಷಣೆಗೆ ದೊಡ್ಡ ಕ್ಯಾಲಿಬರಿನ ರಿವಾಲ್ವರ್ ಮತ್ತು ತೋಟಾ ಆರಿಸುವಾಗ

ಒಳಾಂಗಣ ಶೂಟಿಂಗ್ ರೇಂಜಿನಲ್ಲಿ ಪೂರ್ತಿ ಮದ್ದಿನ .44 ಮ್ಯಾಗ್ನಮ್ ಎಂಬ ದೊಡ್ಡ ರಿವಾಲ್ವರ್ ತೋಟಾವನ್ನು ಮೊದಲ ಸಲ ಹೊಡೆದಾಗ ನನ್ನ ಮೊದಲನೇ ಗುಂಡು ಗುರಿಹಾಳೆಯ ನಟ್ಟನಡುವೆ ಬಿದ್ದಿತ್ತು. ಎರಡನೆಯದು ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ, ಹಾಳೆಯ ಮೇಲಂತೂ ಇರಲಿಲ್ಲ. ಮೊದಲ ಒದೆತಕ್ಕೇ ಹಿಡಿ ಅಂಗೈಯೊಳಗೆ ಹೊರಳಿಕೊಂಡಿತ್ತು. ಎರಡನೇ ಸಲ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ತಾನಾಗಿ ಮುಚ್ಚಿಕೊಂಡಿತು, ಮಣಿಕಟ್ಟು ಕೆಳಕ್ಕೆ ಬಾಗಿತು. ಪಕ್ಕದ ಲೇನಿನ ಹಿರಿಯರೊಬ್ಬರು ಬಂದು ನನ್ನ ಹಾಳೆಯನ್ನೇ ಸ್ವಲ್ಪ ಹೊತ್ತು ನೋಡಿ, "ಮೊದಲನೆಯದನ್ನು ಯಾರು ಬೇಕಾದರೂ ಹೊಡೀತಾರೆ ಕಣಪ್ಪ" ಎಂದು ಹೇಳಿ ಹೋದರು.

ಮನೆಯ ರಕ್ಷಣೆಗೆ ದೊಡ್ಡ ರಿವಾಲ್ವರ್ ಬೇಕು, ಯಾವುದು ತಗೊಳ್ಳಲಿ ಎಂದು ಯಾರಾದರೂ ಕೇಳಿದರೆ ನನಗೆ ಆ ಹಾಳೆ ನೆನಪಾಗುತ್ತದೆ. ಕೇಳುವವರು ಸಾಮಾನ್ಯವಾಗಿ ಯಾವುದರ ಪೆಟ್ಟು ಜಾಸ್ತಿ ಅನ್ನುವಲ್ಲಿಂದ ಶುರು ಮಾಡುತ್ತಾರೆ. ನಾನು ಈಗ ಕೇಳುವುದು ಒಂದೇ: ಕತ್ತಲಲ್ಲಿ, ನಿದ್ದೆಗಣ್ಣಲ್ಲಿ, ಕೈ ನಡುಗುವಾಗ ಎರಡನೇ ಈಡನ್ನು ಮೊದಲನೆಯದರ ಪಕ್ಕಕ್ಕೇ ಇಡಲು ಯಾವುದರಲ್ಲಿ ಆಗುತ್ತದೆ? ಕೆಳಗಿನ ಹೋಲಿಕೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ನಿಮ್ಮಲ್ಲಿ ಇಂಥ ಆಯುಧ ಇಟ್ಟುಕೊಳ್ಳಲು ಕಾನೂನಿನ ಅನುಮತಿ ಇದೆ, ಪರವಾನಗಿ ಬೇಕಾದರೆ ಅದೂ ಕೈಯಲ್ಲಿದೆ ಎಂದು ಇಟ್ಟುಕೊಂಡು ಮುಂದಕ್ಕೆ ಹೋಗುತ್ತೇನೆ. ಅದಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ.

ಪಿಸ್ತೂಲು ಬಿಟ್ಟು ರಿವಾಲ್ವರೇ ಯಾಕೆ

ಸುಳ್ಳು ಹೇಳುವುದಿಲ್ಲ. ಇವತ್ತಿನ ಒಳ್ಳೆಯ ಪಿಸ್ತೂಲಿನಲ್ಲಿ ಹದಿನೈದು ಹದಿನೇಳು ತೋಟಾ ಹಿಡಿಯುತ್ತದೆ, ತುಂಬುವುದು ಸಲೀಸು, ಒದೆತವೂ ಕಡಿಮೆ. ರಿವಾಲ್ವರಿನ ಗೆಲುವು ಬೇರೆ ಕಡೆ ಇದೆ. ತುಂಬಿ ವರ್ಷಗಟ್ಟಲೆ ಇಟ್ಟರೂ ಅದರಲ್ಲಿ ಅದುಮಿ ಕೂತ ಮ್ಯಾಗಜಿನ್ ಸ್ಪ್ರಿಂಗ್ ಇರುವುದಿಲ್ಲ. ಹಿಡಿತ ಸಡಿಲವಾದರೆ ಪಿಸ್ತೂಲು ಕೆಲವೊಮ್ಮೆ ಖಾಲಿ ಕೇಸನ್ನು (ತೋಟಾದ ಲೋಹದ ಕವಚವನ್ನು) ಪೂರ್ತಿ ಆಚೆಗೆ ಎಸೆಯದೆ ಸಿಕ್ಕಿಹಾಕಿಕೊಳ್ಳುತ್ತದೆ, ರಿವಾಲ್ವರಿಗೆ ಆ ಕಾಯಿಲೆ ಇಲ್ಲ. ಒಂದು ತೋಟಾ ಸಿಡಿಯದೇ ಹೋದರೆ ಮತ್ತೆ ಟ್ರಿಗರ್ ಎಳೆದರಾಯಿತು, ಸಿಲಿಂಡರ್ ತಿರುಗಿ ಮುಂದಿನದು ಬಂದು ನಿಲ್ಲುತ್ತದೆ. ಪಿಸ್ತೂಲಿನ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆ ಎಳೆಯುವಷ್ಟು ಬೆರಳಿನ ಬಲ ಇಲ್ಲದವರಿಗೆ, ಸಂಧಿವಾತ ಇರುವವರಿಗೆ ಇದೊಂದೇ ಕಾರಣಕ್ಕೆ ರಿವಾಲ್ವರ್ ಸರಿಹೋಗುವುದುಂಟು. ಆದರೆ ಡಬಲ್ ಆ್ಯಕ್ಷನ್ ಟ್ರಿಗರ್, ಅಂದರೆ ಒಂದೇ ಎಳೆತಕ್ಕೆ ಹ್ಯಾಮರನ್ನು ಏರಿಸಿ ಬಿಡುವಂಥದ್ದು, ಎಳೆಯಲು ಸುಮಾರು ನಾಲ್ಕೂವರೆಯಿಂದ ಐದೂವರೆ ಕಿಲೋ ಬಲ ಬೇಕು. ಅಂಗಡಿಯಲ್ಲಿ ಖಾಲಿ ರಿವಾಲ್ವರನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಅನುಮತಿ ಕೇಳಿ, ಹತ್ತು ಸಲ ಎಳೆದು ನೋಡಿ. ಆರನೆಯದಕ್ಕೇ ಗುರಿ ನೋಡುವ ಸೈಟ್ ಅಲುಗಾಡತೊಡಗಿದರೆ ಆ ರಿವಾಲ್ವರ್ ನಿಮ್ಮದಲ್ಲ.

ಹೆಸರಿನಲ್ಲೇ ಮೋಸ

ರಿವಾಲ್ವರಿನ ಕ್ಯಾಲಿಬರ್ (ಗುಂಡಿನ ಅಡ್ಡಳತೆ) ಹೆಸರುಗಳನ್ನು ನಂಬಿದವ ಕೆಟ್ಟ. .38 ಸ್ಪೆಷಲ್‌ನ ಗುಂಡಿನ ನಿಜವಾದ ಅಡ್ಡಳತೆ .357 ಇಂಚು. ಅಂದರೆ .357 ಮ್ಯಾಗ್ನಮ್ ಮತ್ತು .38 ಸ್ಪೆಷಲ್ ಎರಡೂ ಒಂದೇ ದಪ್ಪದ ಗುಂಡು ಹಾರಿಸುತ್ತವೆ, ಮ್ಯಾಗ್ನಮ್ಮಿನ ಕೇಸು ಸ್ವಲ್ಪ ಉದ್ದ, ಅಷ್ಟೇ. .44 ಅನ್ನುವುದರ ಅಳತೆ ನಿಜಕ್ಕೂ .429 ಇಂಚು. .45 ಮಾತ್ರ ಹೆಸರಿಗೆ ತಕ್ಕಂತೆ .452 ಇದೆ.

ಉದ್ದನೆಯ ಕೇಸಿಗಾಗಿ ಕೊರೆದ ಸಿಲಿಂಡರಿನಲ್ಲಿ ಗಿಡ್ಡ ಕೇಸನ್ನು ಹಾಕಿ ಹೊಡೆಯಬಹುದು. .357 ರಿವಾಲ್ವರಿನಲ್ಲಿ .38 ಸ್ಪೆಷಲ್ ಹೋಗುತ್ತದೆ, .44 ಮ್ಯಾಗ್ನಮ್ಮಿನಲ್ಲಿ .44 ಸ್ಪೆಷಲ್ ಹೋಗುತ್ತದೆ. ತಿರುಗುಮುರುಗಾಗಿ ಹೋಗುವುದಿಲ್ಲ, ಹೋಗಲೂಬಾರದು: ತೋಟಾ ತಯಾರಕರ ಸಂಸ್ಥೆ ಒಪ್ಪಿದ ಗರಿಷ್ಠ ಒತ್ತಡ .44 ಸ್ಪೆಷಲ್‌ಗೆ ಚದರ ಇಂಚಿಗೆ 15,500 ಪೌಂಡ್, .44 ಮ್ಯಾಗ್ನಮ್ಮಿಗೆ 36,000. ಎರಡರಷ್ಟಕ್ಕೂ ಮಿಕ್ಕ ಅಂತರ. ಮ್ಯಾಗ್ನಮ್ ರಿವಾಲ್ವರ್ ಕೊಳ್ಳುವುದರ ದೊಡ್ಡ ಲಾಭ ಇಲ್ಲಿದೆ. ಗಟ್ಟಿ ಚೌಕಟ್ಟು, ಭಾರ, ಬಲವಾದ ಸಿಲಿಂಡರ್ ಎಲ್ಲಾ ನಿಮ್ಮದಾಗುತ್ತದೆ. ಒಳಗೆ ಹಾಕುವುದು ಮಾತ್ರ ಮೆದು ತೋಟಾ. ಮ್ಯಾಗ್ನಮ್ ಕೊಂಡವರೆಲ್ಲ ಮ್ಯಾಗ್ನಮ್ಮೇ ಹೊಡೆಯಬೇಕೆಂದು ಯಾರೂ ಬರೆದಿಟ್ಟಿಲ್ಲ.

ಒದೆತ ಎಷ್ಟೆಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿದೆ. ಎಲ್ಲವನ್ನೂ ಒಂದು ಕಿಲೋ ನೂರು ಗ್ರಾಂ ತೂಗುವ ರಿವಾಲ್ವರಿನಿಂದ ಹೊಡೆದರೆ, ಸಾಧಾರಣ .38 ಸ್ಪೆಷಲ್‌ನ ಒದೆತವನ್ನು ಒಂದು ಎಂದುಕೊಳ್ಳಿ. 200 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) .44 ಸ್ಪೆಷಲ್ ಅದರ ಎರಡರಷ್ಟು. 125 ಗ್ರೇನಿನ ಪೂರ್ತಿ ಮದ್ದಿನ .357 ಮೂರರಷ್ಟು. 255 ಗ್ರೇನಿನ ಮಾಮೂಲಿ .45 ಕೋಲ್ಟ್ ಕೂಡ ಹೆಚ್ಚು ಕಡಿಮೆ ಮೂರರಷ್ಟೇ. 240 ಗ್ರೇನಿನ ಪೂರ್ತಿ .44 ಮ್ಯಾಗ್ನಮ್ ಎಂಟೂವರೆಯಷ್ಟು. ಮಧ್ಯದಲ್ಲಿ ಎಷ್ಟು ದೊಡ್ಡ ಜಿಗಿತ ನೋಡಿ. ಅಂಕಿಯಲ್ಲಿ ಕಾಣದ ಒಂದು ವ್ಯತ್ಯಾಸವೂ ಇದೆ: .357 ಒದೆತ ಚಾವಟಿ ಹೊಡೆದ ಹಾಗೆ ಚುರುಕ್ಕೆನ್ನುತ್ತದೆ, .45 ಕೋಲ್ಟ್ ಯಾರೋ ಅಂಗೈ ಇಟ್ಟು ಹಿಂದಕ್ಕೆ ದಬ್ಬಿದ ಹಾಗಿರುತ್ತದೆ. ಸಂಖ್ಯೆ ಒಂದೇ ಆದರೂ ಕೈಗೆ ಎರಡೂ ಒಂದೇ ಅಲ್ಲ.

.357 ಮ್ಯಾಗ್ನಮ್: ಎರಡು ಮುಖದ ಆಸಾಮಿ

1935ರಲ್ಲಿ ಸ್ಮಿತ್ ಅಂಡ್ ವೆಸನ್ ಇದನ್ನು ಹೊರತಂದಿತು. ಕ್ಯಾಲಿಬರ್ ಲೆಕ್ಕದಲ್ಲಿ ಇದನ್ನು "ದೊಡ್ಡದು" ಅನ್ನಬೇಕೋ ಬೇಡವೋ ಎಂದು ವಾದ ಮಾಡುವವರಿದ್ದಾರೆ, ಗುಂಡಿನ ಅಡ್ಡಳತೆ ಒಂಬತ್ತು ಮಿಲಿಮೀಟರಿನಷ್ಟೇ. ಆದರೆ ವೇಗದಲ್ಲಿ ಅದು ಆ ಕೊರತೆ ತುಂಬಿಕೊಳ್ಳುತ್ತದೆ. ನಾಲ್ಕಿಂಚಿನ ನಳಿಗೆಯಿಂದ 125 ಗ್ರೇನಿನ, ತಾಗಿದಾಗ ಅರಳುವ ಟೊಳ್ಳುಮೂತಿ ಗುಂಡು ಸೆಕೆಂಡಿಗೆ ಸುಮಾರು 1,450 ಅಡಿ ಓಡುತ್ತದೆ. ಪೊಲೀಸರು ರಿವಾಲ್ವರ್ ಹಿಡಿಯುತ್ತಿದ್ದ ಕಾಲದಲ್ಲಿ ಈ ತೋಟಾಕ್ಕೆ ದೊಡ್ಡ ಹೆಸರಿತ್ತು.

ಅವರು ಅದನ್ನು ಬಹುಪಾಲು ರಸ್ತೆಯಲ್ಲಿ, ಬಯಲಲ್ಲಿ ಹೊಡೆದರು. ನೀವು ಹೊಡೆಯಬೇಕಾಗಿ ಬಂದರೆ ಅದು ಹತ್ತಡಿ ಹದಿನೈದಡಿಯ ಕೋಣೆಯಲ್ಲಿ, ಕಿವಿಗೆ ಯಾವ ರಕ್ಷಣೆಯೂ ಇಲ್ಲದೆ. .357 ಮೂತಿಯ ಹತ್ತಿರ 160 ಡೆಸಿಬಲ್ ಮೀರುತ್ತದೆ, ಕಿವಿಗೆ ಒಂದೇ ಏಟಿಗೆ ಶಾಶ್ವತ ಹಾನಿಯಾಗಬಹುದಾದ ಮಟ್ಟ 140. ಜೊತೆಗೆ ಬೆಂಕಿ. ರೇಂಜಿನ ದೀಪಗಳನ್ನು ಮಬ್ಬಾಗಿಸಿ ಹೊಡೆಯುವ ಅಭ್ಯಾಸ ಒಂದಿದೆ, ಒಮ್ಮೆ ಮಾಡಿ ನೋಡಿದ್ದೆ. ಎರಡೂವರೆ ಇಂಚಿನ ಗಿಡ್ಡ ನಳಿಗೆಯಿಂದ ಪೂರ್ತಿ ಮದ್ದಿನ ತೋಟಾ ಹೊರಟಾಗ ಮೂತಿಯಿಂದ ಚೆಂಡಿನಷ್ಟು ದೊಡ್ಡ ಕಿತ್ತಳೆ ಬೆಂಕಿ, ಸಿಲಿಂಡರಿನ ಎರಡೂ ಬದಿಯ ಸಂದಿಯಿಂದ ಸಣ್ಣ ನಾಲಿಗೆಗಳು. ಆಮೇಲೆ ಕೆಲವು ಕ್ಷಣ ಕಣ್ಣ ಮುಂದೆ ಹಸಿರು ಮಚ್ಚೆ ಬಿಟ್ಟರೆ ಏನೂ ಕಾಣಲಿಲ್ಲ. ಕಳ್ಳನಿಗೂ ಕಾಣಲಿಕ್ಕಿಲ್ಲ ಎಂದು ತಮಾಷೆ ಮಾಡಬಹುದು, ಆದರೆ ನಿಮ್ಮ ಮನೆಯಲ್ಲಿ ನೀವೊಬ್ಬರೇ ಇರುವುದಿಲ್ಲವಲ್ಲ.

ಹಾಗಾಗಿ ನನ್ನ ಶಿಫಾರಸು ಸರಳ: .357 ರಿವಾಲ್ವರ್ ಕೊಳ್ಳಿ, ಮನೆಯೊಳಗೆ ಅದರಲ್ಲಿ .38 ಸ್ಪೆಷಲ್ ಪ್ಲಸ್-ಪಿ ಇಡಿ. ಪ್ಲಸ್-ಪಿ ಅಂದರೆ ಮಾಮೂಲಿಗಿಂತ ಸ್ವಲ್ಪ ಹೆಚ್ಚು ಒತ್ತಡಕ್ಕೆ ತುಂಬಿದ್ದು. ಮ್ಯಾಗ್ನಮ್ ಚೌಕಟ್ಟಿಗೆ ಅದು ಲೆಕ್ಕಕ್ಕೇ ಇಲ್ಲ, ನಿಮ್ಮ ಕೈಗೂ ಹಿತ. 158 ಗ್ರೇನಿನ ಸೀಸದ ಟೊಳ್ಳುಮೂತಿ ಸೆಮಿ-ವಾಡ್‌ಕಟರ್ (ಅರೆ ಚಪ್ಪಟೆಮೂತಿಯ ಗುಂಡು) ಹಳೆಯ, ನಂಬಿಕೆಯ ಆಯ್ಕೆ. 135 ಗ್ರೇನಿನ ಸ್ಪಿಯರ್ ಗೋಲ್ಡ್ ಡಾಟ್ ಗಿಡ್ಡ ನಳಿಗೆಗೆಂದೇ ರೂಪಿಸಿದ್ದು. ಅದೂ ಸಾಲದು, ಸ್ವಲ್ಪ ಬಿಸಿ ಬೇಕು ಅನ್ನುವವರಿಗೆ ಸೆಕೆಂಡಿಗೆ 1,200 ಅಡಿಯ ಆಸುಪಾಸಿಗೆ ತಗ್ಗಿಸಿ ತುಂಬಿದ .357 ತೋಟಾಗಳೂ ಸಿಗುತ್ತವೆ.

ರಿವಾಲ್ವರಿನ ವಿಷಯಕ್ಕೆ ಬಂದರೆ ಸ್ಮಿತ್ ಅಂಡ್ ವೆಸನ್ 686 ಅಥವಾ ರೂಗರ್ ಜಿಪಿ100, ಇವೆರಡರ ಮಧ್ಯೆ ಆರಿಸಿದರೆ ತಪ್ಪಾಗುವುದಿಲ್ಲ. ಎರಡೂ ನಾಲ್ಕಿಂಚು ನಳಿಗೆಯಲ್ಲಿ ಒಂದು ಕಿಲೋ ದಾಟುತ್ತವೆ. ಟ್ರಿಗರಿನ ನಯ 686ರಲ್ಲಿ ಹೆಚ್ಚು, ಜಿಪಿ100 ಎತ್ತಿನ ಹಾಗೆ ದುಡಿಯುತ್ತದೆ. 686 ಪ್ಲಸ್‌ನಲ್ಲಿ ಏಳು ತೋಟಾ ಹಿಡಿಯುತ್ತದೆ, ದೊಡ್ಡ ಚೌಕಟ್ಟಿನ 627ರಲ್ಲಿ ಎಂಟು. ಹಳೆಯ ಮಾಡೆಲ್ 19 ಕೈಗೆ ಬಲು ಸೊಗಸು, ಆದರೆ ಅದರ ನಳಿಗೆಯ ಹಿಂದುಗಡೆ, ಗುಂಡು ಒಳಹೋಗುವ ಬಾಯಿಯ ಕೆಳಭಾಗವನ್ನು ತೆಳುವಾಗಿ ಕತ್ತರಿಸಿದ್ದಾರೆ. ಬಿಸಿಯಾದ 125 ಗ್ರೇನ್ ಮ್ಯಾಗ್ನಮ್ಮನ್ನು ವಿಪರೀತ ಹೊಡೆದವರಲ್ಲಿ ಅದೇ ಜಾಗ ಬಿರುಕು ಬಿಟ್ಟದ್ದುಂಟು. .38 ಮಾತ್ರ ಹೊಡೆಯುವವರಿಗೆ ಆ ಚಿಂತೆ ಇಲ್ಲ.

.38 ಅನ್ನು .357 ಸಿಲಿಂಡರಿನಲ್ಲಿ ತುಂಬಾ ಹೊಡೆದರೆ ಗಿಡ್ಡ ಕೇಸು ಮುಗಿಯುವ ಜಾಗದಲ್ಲಿ ಮಸಿಯ ಬಳೆ ಕಟ್ಟಿಕೊಳ್ಳುತ್ತದೆ. ಉಜ್ಜಿ ತೆಗೆಯದೆ ಬಿಟ್ಟರೆ ಮುಂದೊಮ್ಮೆ ಉದ್ದನೆಯ ಮ್ಯಾಗ್ನಮ್ ಕೇಸು ಒಳಗೆ ಪೂರ್ತಿ ಕೂರುವುದಿಲ್ಲ. ಹಿತ್ತಾಳೆ ಬ್ರಶ್ಶು, ಐದು ನಿಮಿಷ.

.44: ಸ್ಪೆಷಲ್ ಮೇಲು

.44 ಸ್ಪೆಷಲ್ 1907ರದ್ದು. ಅದನ್ನು ವರ್ಷಗಟ್ಟಲೆ ಹೆಚ್ಚು ಹೆಚ್ಚು ಮದ್ದು ತುಂಬಿ ಹೊಡೆದು, ಕಂಪನಿಗಳ ಬೆನ್ನು ಬಿದ್ದು, 1955ರಲ್ಲಿ .44 ಮ್ಯಾಗ್ನಮ್ ಹುಟ್ಟಲು ಕಾರಣನಾದವನು ಎಲ್ಮರ್ ಕೀತ್ ಎಂಬ ಬೇಟೆಗಾರ-ಬರಹಗಾರ. ಅವನಿಗೆ ಬೇಕಾಗಿದ್ದದ್ದು ದೊಡ್ಡ ಮೃಗಗಳಿಗೆ ಸಾಕಾಗುವ ಕೈಯಾಯುಧ. ಮಲಗುವ ಕೋಣೆ ಅವನ ತಲೆಯಲ್ಲಿ ಇರಲಿಲ್ಲ.

ಪೂರ್ತಿ .44 ಮ್ಯಾಗ್ನಮ್ ಮನೆಯೊಳಗೆ ಬೇಡ. ಒದೆತದ ಲೆಕ್ಕ ಮೇಲೆ ಹೇಳಿದೆ, ಸದ್ದು ಬೆಂಕಿ ಎರಡೂ .357ನಷ್ಟೋ ಅದಕ್ಕಿಂತ ಹೆಚ್ಚೋ ಇರುತ್ತವೆ. ಬೇಟೆಗೆಂದು ಮಾಡಿದ 240 ಗ್ರೇನ್, 300 ಗ್ರೇನ್ ಗಟ್ಟಿ ಗುಂಡುಗಳು ಆಳಕ್ಕೆ ಇಳಿಯಲೆಂದೇ ಇರುವಂಥವು, ಎದುರಿಗಿದ್ದವನನ್ನು ದಾಟಿ, ಗೋಡೆ ದಾಟಿ, ಆಚೆಗೂ ಹೋಗುತ್ತವೆ.

ಅದೇ ರಿವಾಲ್ವರಿನಲ್ಲಿ 200 ಗ್ರೇನಿನ ಟೊಳ್ಳುಮೂತಿ .44 ಸ್ಪೆಷಲ್ ಹಾಕಿದರೆ ಚಿತ್ರವೇ ಬದಲು. ವೇಗ ಸೆಕೆಂಡಿಗೆ ಎಂಟುನೂರು ಒಂಬೈನೂರು ಅಡಿ, ಕಣ್ಣು ಕುಕ್ಕುವ ಬೆಂಕಿ ಇಲ್ಲ, ಗುಂಡು ಅರಳದೇ ಹೋದರೂ ಹನ್ನೊಂದು ಮಿಲಿಮೀಟರಿನ ದಪ್ಪ ಹೇಗೂ ಇದ್ದೇ ಇದೆ. ಸ್ಮಿತ್ ಅಂಡ್ ವೆಸನ್ 629ರ ಭಾರಕ್ಕೆ ಅದರ ಒದೆತ ಎಷ್ಟು ಹದವಾಗಿರುತ್ತದೆಂದರೆ, ಮೊದಲ ಸಲ ಹೊಡೆದವರು "ಇಷ್ಟೇನಾ?" ಅನ್ನುತ್ತಾರೆ. ನನ್ನ ಮಟ್ಟಿಗೆ ದೊಡ್ಡ ಕ್ಯಾಲಿಬರ್ ಅನ್ನುವ ಹೆಸರಿಗೂ ಮನೆಯ ಕೆಲಸಕ್ಕೂ ಒಟ್ಟಿಗೆ ಹೊಂದುವ ಜೋಡಿ ಇದು. ತೊಂದರೆ ಏನೆಂದರೆ .44 ಸ್ಪೆಷಲ್ ರಕ್ಷಣಾ ತೋಟಾ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಇದ್ದಲ್ಲಿ ದುಬಾರಿ. ಅಭ್ಯಾಸಕ್ಕೆ ನೂರಾರು ಹೊಡೆಯಬೇಕಾದವರ ಜೇಬಿಗೆ ಅದು ನಾಟುತ್ತದೆ. .38 ಇಲ್ಲೇ ಗೆಲ್ಲುವುದು.

ಒಂದು ಎಚ್ಚರಿಕೆ: ಹಗುರ ರಿವಾಲ್ವರಿಗೆ ಮರುಳಾಗಬೇಡಿ. ಸ್ಮಿತ್ ಅಂಡ್ ವೆಸನ್ 329ಪಿಡಿ ಸುಮಾರು ಏಳುನೂರು ಗ್ರಾಂ ತೂಗುವ .44 ಮ್ಯಾಗ್ನಮ್. ಕಾಡಿನಲ್ಲಿ ದಿನವಿಡೀ ಸೊಂಟಕ್ಕೆ ಕಟ್ಟಿಕೊಂಡು ನಡೆಯುವವರಿಗೆ ಅದರಲ್ಲಿ ಅರ್ಥವಿದೆ. ಡ್ರಾಯರಿನೊಳಗೆ ಮಲಗಿರುವ ಆಯುಧಕ್ಕೆ ಹಗುರ ಯಾಕೆ? ಭಾರ ಹೊರುವುದು ಡ್ರಾಯರು, ಒದೆತ ತಿನ್ನುವುದು ನೀವು. ಚಾರ್ಟರ್ ಆರ್ಮ್ಸ್ ಬುಲ್‌ಡಾಗ್ ಕೂಡ ಐದು ತೋಟಾದ ಪುಟ್ಟ .44 ಸ್ಪೆಷಲ್, ಆರುನೂರು ಗ್ರಾಂ ಒಳಗೇ. ಚೆಂದವಾಗಿದೆ, ಆದರೆ ಅಭ್ಯಾಸಕ್ಕೆ ಐವತ್ತು ಹೊಡೆಯುವಷ್ಟರಲ್ಲಿ ಸಾಕಪ್ಪ ಅನಿಸುತ್ತದೆ, ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ.

ಎರಡು .45ಗಳು

.45 ಕೋಲ್ಟ್ ಇವೆಲ್ಲಕ್ಕೂ ಅಜ್ಜ, 1873ರಿಂದ ಇದೆ. ಮೂಲತಃ ಕಪ್ಪು ಮದ್ದಿನ ತೋಟಾ, ಹಾಗಾಗಿ ಕೇಸು ಉದ್ದ, ಒತ್ತಡ ಕಡಿಮೆ. ಕೆಲಸ .44 ಸ್ಪೆಷಲ್‌ನದ್ದೇ. ಕೊಳ್ಳುವಾಗ ಡಬ್ಬಿಯ ಮೇಲಿನ ಬರಹ ಓದಿ. ಗಟ್ಟಿ ಚೌಕಟ್ಟಿನ ರೂಗರ್‌ನಂಥ ಕೆಲವು ರಿವಾಲ್ವರುಗಳಿಗೆಂದೇ ವಿಪರೀತ ಒತ್ತಡಕ್ಕೆ ತುಂಬಿದ .45 ಕೋಲ್ಟ್ ತೋಟಾಗಳನ್ನು ಕೆಲವು ಕಂಪನಿಗಳು ಮಾರುತ್ತವೆ. ಅವು ಹಳೆಯ ಅಥವಾ ಸಣ್ಣ ರಿವಾಲ್ವರಿನ ಸಿಲಿಂಡರನ್ನೇ ಸೀಳಬಲ್ಲವು, ನೋಡಲು ಮಾಮೂಲಿ ತೋಟಾದಂತೆಯೇ ಇರುತ್ತವೆ.

.45 ಎಸಿಪಿ ಪಿಸ್ತೂಲಿನ ತೋಟಾ. ಅದಕ್ಕೆ ಹಿಂಬದಿ ಅಂಚಿಲ್ಲ, ಆದ್ದರಿಂದ ರಿವಾಲ್ವರಿನಿಂದ ಖಾಲಿ ಕೇಸು ತಳ್ಳಿ ತೆಗೆಯಲು ಉಕ್ಕಿನ ತೆಳು ಬಿಲ್ಲೆ ಬೇಕು, ಮೂನ್ ಕ್ಲಿಪ್ ಅಂತ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಪಿಸ್ತೂಲು ಸಾಲದೆ ಬಂದಾಗ ಮಾಡೆಲ್ 1917 ರಿವಾಲ್ವರುಗಳಿಗೆ ಅರ್ಧಚಂದ್ರದ ಆಕಾರದ, ಮೂರು ಮೂರು ತೋಟಾ ಹಿಡಿಯುವ ಕ್ಲಿಪ್ ಮಾಡಿದ್ದರು. ಈಗಿನವು ಆರೂ ಒಟ್ಟಿಗೆ ಹಿಡಿಯುತ್ತವೆ. ಮರುತುಂಬುವ ವೇಗದಲ್ಲಿ ಇದರ ಮುಂದೆ ಯಾವ ರಿವಾಲ್ವರೂ ಇಲ್ಲ: ಆರೂ ಒಂದೇ ಗೊಂಚಲಾಗಿ ಆಚೆ ಬೀಳುತ್ತವೆ, ಆರೂ ಒಂದೇ ಗೊಂಚಲಾಗಿ ಒಳಹೋಗುತ್ತವೆ. ಸ್ಮಿತ್ ಅಂಡ್ ವೆಸನ್ 625 ಇದರ ಪ್ರಸಿದ್ಧ ರೂಪ. ಆದರೆ ಕ್ಲಿಪ್ ಸ್ವಲ್ಪ ಬಾಗಿದರೂ ಸಿಲಿಂಡರ್ ತಿರುಗಲು ತಕರಾರು ತೆಗೆಯುತ್ತದೆ. ತುಂಬಿದ ಕ್ಲಿಪ್ಪನ್ನು ಜೇಬಿನಲ್ಲಿ ಕೀಲಿಕೈ ಜೊತೆ ಇಟ್ಟುಕೊಂಡು ತಿರುಗುವವರಿಗೆ ಇದು ಆಗಿಬರುವುದಿಲ್ಲ. ಮನೆಯಲ್ಲಿ ಗಟ್ಟಿ ಡಬ್ಬಿಯಲ್ಲಿ ಇಡುವವರಿಗೆ ಒಳ್ಳೆಯ ಆಯ್ಕೆ, ಅಭ್ಯಾಸದ ತೋಟಾ ಸಿಗುವುದೂ .44ಗಿಂತ ಸುಲಭ.

ಬಿಡಬೇಕಾದವು

2003ರಲ್ಲಿ ಬಂದ .500 ಸ್ಮಿತ್ ಅಂಡ್ ವೆಸನ್ ಮ್ಯಾಗ್ನಮ್, ಅದಕ್ಕೂ ಹಿಂದಿನ .454 ಕ್ಯಾಸುಲ್ ಇವನ್ನು ಮನೆಯ ರಕ್ಷಣೆಗೆ ಇಟ್ಟುಕೊಳ್ಳುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಮಾತು ಮುಗಿಯಿತು.

.45 ಕೋಲ್ಟ್ ಮತ್ತು .410 ಚರೆ ತೋಟಾ ಎರಡನ್ನೂ ಹೊಡೆಯುವ ಟಾರಸ್ ಜಡ್ಜ್, ಸ್ಮಿತ್ ಅಂಡ್ ವೆಸನ್ ಗವರ್ನರ್ ಬಗ್ಗೆ ಬಹಳ ಜನ ಕೇಳುತ್ತಾರೆ. "ಗುರಿ ಇಡಬೇಕಾಗಿಲ್ಲ, ಚರೆ ಹರಡಿಕೊಳ್ಳುತ್ತದೆ" ಎಂಬುದು ಮಾರುವವರ ಮಾತು. ಅದರ ನಳಿಗೆಯ ತಿರುಚು ಗೆರೆಗಳಿಂದ ಚರೆ ಹರಡುವುದು ನಿಜ. ಹರಡಿದ್ದರಲ್ಲಿ ಗುರಿಗೆ ತಾಗದ ಪ್ರತಿಯೊಂದು ಕಾಳೂ ಬೇರೆ ಎಲ್ಲಿಗೋ ಹೋಗುತ್ತದೆ ಅನ್ನುವುದೂ ಅಷ್ಟೇ ನಿಜ. ಹಕ್ಕಿ ಹೊಡೆಯುವ ಸಣ್ಣ ಚರೆ ಗಿಡ್ಡ ನಳಿಗೆಯಿಂದ ಚರ್ಮದ ಕೆಳಗೆ ಹೆಚ್ಚು ಇಳಿಯುವುದಿಲ್ಲ. ನಾಲ್ಕೈದು ದಪ್ಪ ಕಾಳಿನ ತೋಟಾ ವಾಸಿ, ಆದರೂ ಅಷ್ಟು ಉದ್ದದ ಸಿಲಿಂಡರಿನ ಹೊರೆ ಹೊತ್ತು ಗಳಿಸಿದ್ದು ಏನು ಎಂದು ನನಗೆ ಇನ್ನೂ ಅರ್ಥವಾಗಿಲ್ಲ.

ತೋಟಾದ ಆಯ್ಕೆ: ಎಷ್ಟು ಆಳ, ಎಷ್ಟು ಗೋಡೆ

1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಇಬ್ಬರು ಏಜೆಂಟರನ್ನು ಕಳೆದುಕೊಂಡಿತು. ಅಲ್ಲಿ ಒಂದು ಗುಂಡು ತೋಳನ್ನು ಹಾದು ಎದೆಗೆ ಇಳಿದರೂ ಹೃದಯದವರೆಗೆ ತಲುಪದೆ ನಿಂತುಬಿಟ್ಟಿತ್ತು. ಆ ನಂತರ ಬಂದ ಅಳತೆಗೋಲನ್ನೇ ಇವತ್ತಿಗೂ ಬಹುತೇಕ ಎಲ್ಲರೂ ಬಳಸುತ್ತಾರೆ: ಮಾಂಸದ ಗುಣವನ್ನು ಹೋಲುವಂತೆ ಹದ ಮಾಡಿದ ಜೆಲಟಿನ್ ದಿಮ್ಮಿಯಲ್ಲಿ ಗುಂಡು ಕನಿಷ್ಠ 12 ಇಂಚು ಇಳಿಯಬೇಕು, 18 ದಾಟಬಾರದು. ಬಟ್ಟೆಯ ಪದರ ಹೊದಿಸಿ ಪರೀಕ್ಷಿಸಿದ ಫಲಿತಾಂಶವನ್ನೇ ನೋಡಿ. ಟೊಳ್ಳುಮೂತಿಯ ಗುಂಡಿಗೆ ಬಟ್ಟೆಯ ನಾರು ತುಂಬಿಕೊಂಡರೆ ಅದು ಅರಳುವುದಿಲ್ಲ, ಮಾಮೂಲಿ ಗುಂಡಿನಂತೆ ಆಳಕ್ಕೆ ಹೋಗಿಬಿಡುತ್ತದೆ. ಗಿಡ್ಡ ನಳಿಗೆಯ ನಿಧಾನ ಗುಂಡುಗಳಲ್ಲಿ ಇದು ಹೆಚ್ಚು. ಹಾರ್ನಡಿಯ ಕ್ರಿಟಿಕಲ್ ಡಿಫೆನ್ಸ್‌ನಲ್ಲಿ ಆ ಟೊಳ್ಳಿಗೆ ಮೃದು ಪಾಲಿಮರ್ ಬಿರಡೆ ಇಟ್ಟಿರುವುದು ಇದೇ ಕಾರಣಕ್ಕೆ.

ಈಗ ಕಹಿ ಮಾತು. ಮನುಷ್ಯನ ದೇಹದಲ್ಲಿ ಸಾಕಷ್ಟು ಇಳಿಯುವ ಯಾವ ಕೈಬಂದೂಕಿನ ಗುಂಡೂ ಜಿಪ್ಸಮ್ ಹಲಗೆಯ ಗೋಡೆಗಳನ್ನು ಒಂದರ ಹಿಂದೊಂದರಂತೆ ದಾಟುತ್ತದೆ. "ಗೋಡೆ ದಾಟದ, ಆದರೆ ಕಳ್ಳನನ್ನು ನಿಲ್ಲಿಸುವ" ತೋಟಾ ಎಂದು ಮಾರುವುದನ್ನು ನಂಬಬೇಡಿ. ಒಡೆದು ಪುಡಿಯಾಗುವ ಗುಂಡುಗಳಲ್ಲಿ ಹಲವು 12 ಇಂಚು ಮುಟ್ಟುವುದೇ ಇಲ್ಲ. ಇಟ್ಟಿಗೆ ಕಾಂಕ್ರೀಟಿನ ಮನೆಯಾದರೆ ದಾಟುವ ಭಯ ಕಡಿಮೆ, ಚಿಮ್ಮಿ ವಾಪಸು ಬರುವ ಭಯ ಹೆಚ್ಚು. ಎರಡಕ್ಕೂ ಇರುವ ಉಪಾಯ ತೋಟಾದ ಡಬ್ಬಿಯಲ್ಲಿಲ್ಲ. ಹಗಲಲ್ಲಿ ಒಮ್ಮೆ, ಆಯುಧ ಕೈಯಲ್ಲಿಲ್ಲದೆ, ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು ನೋಡಿ: ಯಾವ ದಿಕ್ಕಿನ ಗೋಡೆಯಾಚೆ ಮಕ್ಕಳು ಮಲಗುತ್ತಾರೆ, ಯಾವ ದಿಕ್ಕಿಗೆ ಪಕ್ಕದ ಮನೆಯ ಕಿಟಕಿ, ಯಾವ ಕಡೆ ಪುಸ್ತಕ ತುಂಬಿದ ಕಪಾಟು. ಯಾವ ದಿಕ್ಕಿಗೆ ಎಂದೂ ಹೊಡೆಯಬಾರದು ಎಂದು ಆಗಲೇ ಗೊತ್ತಾಗುತ್ತದೆ. ಟಾರ್ಚು ಮಾತ್ರ ಮರೆಯಬೇಡಿ. ಕತ್ತಲಲ್ಲಿ ಬಂದವನು ನೀರು ಕುಡಿಯಲು ಎದ್ದ ಮಗನೋ ಕಳ್ಳನೋ ಎಂದು ಹೇಳುವ ಸೈಟ್ ಯಾವ ರಿವಾಲ್ವರಿನಲ್ಲೂ ಇಲ್ಲ.

ತಾಮ್ರದ ಪೂರ್ತಿ ಹೊದಿಕೆಯ ದುಂಡುಮೂತಿ ಗುಂಡು ಅಭ್ಯಾಸಕ್ಕೆ ಮಾತ್ರ. ಒದೆತ ತೀರಾ ತಡೆಯದವರಿಗೆ .38ರಲ್ಲಿ ಚಪ್ಪಟೆಮೂತಿಯ ವಾಡ್‌ಕಟರ್ ಎಂಬ ಹಳೆಯ ಗುರಿಸ್ಪರ್ಧೆಯ ತೋಟಾ ಇದೆ. ಅರಳುವುದಿಲ್ಲ, ಆದರೆ ಹಾಳೆಗೆ ಪಂಚ್ ಒತ್ತಿದಂತೆ ಅಂಚು ಕತ್ತರಿಸಿಕೊಂಡು ಹೋಗುತ್ತದೆ, ಆಳವೂ ಸಾಕಷ್ಟು. ಚಪ್ಪಟೆಮೂತಿಯಿಂದಾಗಿ ಅವಸರದಲ್ಲಿ ತುಂಬುವುದು ಮಾತ್ರ ಕಷ್ಟ. ಹಾಗಾಗಿ ಸಿಲಿಂಡರಿನಲ್ಲಿ ವಾಡ್‌ಕಟರ್, ತೋಟಾಗಳನ್ನೆಲ್ಲ ಒಟ್ಟಿಗೆ ತುಂಬುವ ಸ್ಪೀಡ್‌ಲೋಡರಿನಲ್ಲಿ ಚೂಪುಮೂತಿಯ ಟೊಳ್ಳುಗುಂಡು ಇಡುವವರಿದ್ದಾರೆ. ಜಾಣ ಉಪಾಯ.

ಆರಿಸಿದ ತೋಟಾವನ್ನು ನಿಮ್ಮದೇ ರಿವಾಲ್ವರಿನಲ್ಲಿ ಕನಿಷ್ಠ ಐವತ್ತಾದರೂ ಹೊಡೆದು ನೋಡಿ. ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಗುಂಡು ಎಲ್ಲಿ ಬೀಳುತ್ತದೆ. ಅಲುಗದ ಸೈಟ್ ಇರುವ ರಿವಾಲ್ವರಿನಲ್ಲಿ ಭಾರದ ನಿಧಾನ ಗುಂಡು ಮೇಲಕ್ಕೆ ಬೀಳುತ್ತದೆ, ಹಗುರ ವೇಗದ ಗುಂಡು ಕೆಳಕ್ಕೆ. ತಲೆಕೆಳಗಾಗಿ ಕೇಳಿಸಿದರೂ ಕಾರಣ ಸರಳ: ನಿಧಾನದ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಒದೆತ ಮೂತಿಯನ್ನು ಎತ್ತಿರುತ್ತದೆ. ಎರಡನೆಯದು, ಹಗುರ ರಿವಾಲ್ವರಿನಲ್ಲಿ ಐದು ತೋಟಾದಲ್ಲಿ ನಾಲ್ಕು ಹೊಡೆದು ಐದನೆಯದನ್ನು ಹೊರತೆಗೆದು ಹೊಸದರ ಪಕ್ಕ ಹಿಡಿದು ಅಳೆಯಿರಿ. ಒದೆತದ ಜಗ್ಗಾಟಕ್ಕೆ ಕೇಸಿನೊಳಗಿನ ಗುಂಡು ಮುಂದಕ್ಕೆ ಸರಿದಿದ್ದರೆ ಆ ತೋಟಾ ಬೇಡ. ಸರಿದ ಗುಂಡಿನ ಮೂತಿ ಸಿಲಿಂಡರಿನ ಆಚೆ ಇಣುಕಿತೆಂದರೆ ಸಿಲಿಂಡರ್ ತಿರುಗುವುದೇ ನಿಲ್ಲುತ್ತದೆ, ಆಗ ನಿಮ್ಮ ಕೈಯಲ್ಲಿರುವುದು ಒಂದು ಕಿಲೋ ಕಬ್ಬಿಣ. ಹಾಗೆಯೇ ಅಭ್ಯಾಸದ ನಡುವೆ "ಢಂ" ಬದಲು "ಫುಸ್" ಎಂದು ಕೇಳಿಸಿದರೆ ತಕ್ಷಣ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು, ಅದರ ಹಿಂದೆ ಇನ್ನೊಂದನ್ನು ಹೊಡೆದರೆ ನಳಿಗೆ ಸೀಳುತ್ತದೆ.

ಹಳೆಯದನ್ನು ಕೊಳ್ಳುವಾಗ

ನಾನೊಮ್ಮೆ ಕನ್ನಡಿಯಂತೆ ಹೊಳೆಯುತ್ತಿದ್ದ ಹಳೆಯ .357 ಒಂದನ್ನು ನೋಡಿ ಮರುಳಾಗಿ ಮನೆಗೆ ತಂದಿದ್ದೆ. ಮಾರಿದವರು ಹೊಳಪು ಹಾಕಿದ್ದರು, ಒಳಗಿನದನ್ನು ಮುಟ್ಟಿರಲಿಲ್ಲ. ಹೊಡೆದಾಗಲೆಲ್ಲ ಪಕ್ಕದಲ್ಲಿ ನಿಂತವರ ಕೆನ್ನೆಗೆ ಸೀಸದ ಚೂರು ಸಿಡಿಯುತ್ತಿತ್ತು, ಸಿಲಿಂಡರ್ ನಳಿಗೆಯ ಎದುರು ಸರಿಯಾಗಿ ನಿಲ್ಲುತ್ತಿರಲಿಲ್ಲ. ಈಗ ನಾನು ಹೀಗೆ ನೋಡುತ್ತೇನೆ: ಸಿಲಿಂಡರ್ ತೆರೆದು ಖಾಲಿ ಎಂದು ಎರಡು ಸಲ ಖಚಿತಪಡಿಸಿಕೊಂಡು, ಮುಚ್ಚಿ, ಹೆಬ್ಬೆರಳಿನಿಂದ ಸಿಲಿಂಡರನ್ನು ಲಘುವಾಗಿ ತಡೆಯುತ್ತಾ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆಳೆಯುತ್ತೇನೆ. ಹ್ಯಾಮರ್ ಪೂರ್ತಿ ಹಿಂದೆ ಕೂರುವಷ್ಟರಲ್ಲಿ ಸಿಲಿಂಡರ್ ಟಕ್ ಎಂದು ಬೀಗಿರಬೇಕು. ಸಿಲಿಂಡರಿನಲ್ಲಿ ತೋಟಾ ಕೂರುವ ಆರೂ ಮನೆಗಳಿಗೆ ಇದನ್ನು ಮಾಡಬೇಕು, ಒಂದು ತಪ್ಪಿದರೂ ದುರಸ್ತಿ ಕಾದಿದೆ. ನಳಿಗೆಗೂ ಸಿಲಿಂಡರಿಗೂ ನಡುವಿನ ಸಂದಿ ಇಂಚಿನ ಸಾವಿರದಲ್ಲಿ ನಾಲ್ಕರಿಂದ ಎಂಟು ಪಾಲಿನಷ್ಟಿದ್ದರೆ ಸರಿ, ಫೀಲರ್ ಗೇಜ್ ಎಂಬ ಅಳತೆಯ ತೆಳು ಪಟ್ಟಿ ತೂರಿಸಿದರೆ ತಿಳಿಯುತ್ತದೆ. ಸಿಲಿಂಡರನ್ನು ಹಿಂದೆ ಮುಂದೆ ತಳ್ಳಿದಾಗ ಗಟ್ಟಿಯಾಗಿ ಗಡಗಡ ಎಂದರೆ ವಾಪಸು ಕೊಡಿ.

ಆ ಸಂದಿಯ ಬಗ್ಗೆ ಇನ್ನೊಂದು ಮಾತು. ಪಿಸ್ತೂಲು ಹಿಡಿದು ರೂಢಿಯಾದವರು ಎಡಗೈ ಹೆಬ್ಬೆರಳನ್ನು ಮುಂದಕ್ಕೆ ಚಾಚುತ್ತಾರೆ. ರಿವಾಲ್ವರಿನಲ್ಲಿ ಅದೇ ಜಾಗದಿಂದ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ, ದೊಡ್ಡ ಮ್ಯಾಗ್ನಮ್ಮಾದರೆ ಚರ್ಮ ಸುಟ್ಟು ಬೆರಳೇ ಹರಿಯುತ್ತದೆ. ಹೆಬ್ಬೆರಳನ್ನು ಮಡಚಿ ಇನ್ನೊಂದರ ಮೇಲೆ ಇಡುವುದನ್ನು ಮೊದಲ ದಿನವೇ ಕಲಿಯಿರಿ.

ನಳಿಗೆ ಮೂರರಿಂದ ನಾಲ್ಕಿಂಚು ಇರಲಿ. ಆರಿಂಚಿನದು ಬಾಗಿಲ ಸಂದಿಯಲ್ಲಿ ತಡವರಿಸುತ್ತದೆ, ಎರಡಿಂಚಿನದು ಬೆಂಕಿ ಕಾರುತ್ತದೆ. ಹಿಡಿ ರಬ್ಬರಿನದ್ದಾಗಿರಲಿ, ಹಿಂಬದಿಯ ಲೋಹವನ್ನೂ ಮುಚ್ಚುವಂಥದ್ದಾಗಿರಲಿ. ಕೆತ್ತನೆಯ ಮರದ ಹಿಡಿ ಗೋಡೆಗೆ ತೂಗುಹಾಕುವವರಿಗೆ ಚೆನ್ನ. ಮುಂದಿನ ಸೈಟಿಗೆ ಒಂದು ಹನಿ ಹೊಳೆಯುವ ಬಣ್ಣ ಬಳಿದರೂ ಸಾಕು, ಹೊಸ ಸೈಟೇ ಬೇಕೆಂದಿಲ್ಲ.

ಇಡುವ ಜಾಗ

ಬಹುತೇಕ ರಿವಾಲ್ವರುಗಳಲ್ಲಿ ಬೆರಳಿನಿಂದ ಹಾಕುವ ಸೇಫ್ಟಿ ಇರುವುದಿಲ್ಲ. ಐದು ಕಿಲೋ ಟ್ರಿಗರನ್ನು ಮಗು ಎಳೆಯಲಾರದು ಎಂಬ ನಂಬಿಕೆ ತಪ್ಪು: ಮಕ್ಕಳು ಎರಡೂ ಹೆಬ್ಬೆರಳು ಒಟ್ಟಿಗೆ ಇಟ್ಟು ಒತ್ತುತ್ತಾರೆ, ಹ್ಯಾಮರ್ ಹಿಂದಕ್ಕೆಳೆದರಂತೂ ಟ್ರಿಗರ್ ಒಂದೂವರೆ ಕಿಲೋಗೆ ಇಳಿಯುತ್ತದೆ. ದಿಂಬಿನ ಕೆಳಗೆ, ಬೀಗವಿಲ್ಲದ ಡ್ರಾಯರಿನಲ್ಲಿ, ಬೀರುವಿನ ಮೇಲೆ, ಯಾವುದೂ ಬೇಡ. ಬೆರಳಿಗೆ ಸಿಗುವ ಗುಂಡಿಗಳ, ಕಣ್ಣು ಮುಚ್ಚಿ ತೆರೆಯಬಹುದಾದ ಸಣ್ಣ ಉಕ್ಕಿನ ಪೆಟ್ಟಿಗೆ, ಅದನ್ನು ನೆಲಕ್ಕೋ ಮಂಚಕ್ಕೋ ಬೋಲ್ಟ್ ಹಾಕಿ ಬಿಗಿಯಬೇಕು. ಬೆರಳಚ್ಚಿನ ಬೀಗ ಒದ್ದೆ ಕೈಗೆ ಮುನಿಸಿಕೊಳ್ಳುತ್ತದೆ; ನಾನು ಯಾಂತ್ರಿಕ ಗುಂಡಿಗಳದ್ದನ್ನೇ ಇಟ್ಟಿದ್ದೇನೆ. ಅದರಲ್ಲೇ ಟಾರ್ಚು, ಒಂದು ಸ್ಪೀಡ್‌ಲೋಡರ್, ಮತ್ತು ಕಿವಿಗೆ ಹಾಕುವ ಎಲೆಕ್ಟ್ರಾನಿಕ್ ಮಫ್ ಇವೆ. ಮಫ್ ಸಣ್ಣ ಸದ್ದನ್ನು ದೊಡ್ಡದು ಮಾಡಿ ಕೇಳಿಸುತ್ತದೆ, ದೊಡ್ಡ ಸದ್ದನ್ನು ತಡೆಯುತ್ತದೆ. ಹಾಕಿಕೊಳ್ಳುವಷ್ಟು ಸಮಯ ಸಿಕ್ಕರೆ ಮೆಟ್ಟಿಲ ಮೇಲಿನ ಹೆಜ್ಜೆ ಮಗನದೋ ಅಲ್ಲವೋ ಎಂದು ಅದರಿಂದಲೇ ತಿಳಿದೀತು.

ನನ್ನ ಪೆಟ್ಟಿಗೆಯಲ್ಲಿರುವುದು ನಾಲ್ಕಿಂಚಿನ .357, ಒಳಗೆ .38 ಪ್ಲಸ್-ಪಿ. .44 ಈಗಲೂ ಇದೆ, ಬೇರೆ ಕಪಾಟಿನಲ್ಲಿ, ಖಾಲಿಯಾಗಿ. ವರ್ಷಕ್ಕೊಮ್ಮೆ ಪೆಟ್ಟಿಗೆಯ ತೋಟಾಗಳನ್ನು ರೇಂಜಿನಲ್ಲಿ ಹೊಡೆದು ಮುಗಿಸಿ ಹೊಸದನ್ನು ತುಂಬುತ್ತೇನೆ. ಖಾಲಿ ಕೇಸು ಸುರಿಯುವಾಗ ಮೂತಿ ಆಕಾಶಕ್ಕೆ, ಹಿಡಿ ನೆಲಕ್ಕೆ, ತಳ್ಳುಕಡ್ಡಿಗೆ ಅಂಗೈಯಿಂದ ಒಂದೇ ಜೋರು ಏಟು. ಮೂತಿ ಕೆಳಗಿಟ್ಟು ಮೆಲ್ಲಗೆ ತಳ್ಳಿದರೆ ಸುಡದ ಮದ್ದಿನ ಹರಳು ನಕ್ಷತ್ರದಂಥ ತಳ್ಳುಬಿಲ್ಲೆಯ ಕೆಳಗೆ ಬಿದ್ದು, ಸಿಲಿಂಡರ್ ಮತ್ತೆ ಮುಚ್ಚುವುದಿಲ್ಲ.